152207 × 73: ನೃಪತುಂಗನ ಕಾಲದ ಸಂಖ್ಯಾಹಾರ, ಇಂದಿನ ಕನ್ನಡ ವೆಬ್

ಮೊಬೈಲ್‌ನ ಕ್ಯಾಲ್ಕುಲೇಟರ್‌ನಲ್ಲಿ 152207ನ್ನು 73ರಿಂದ ಗುಣಿಸಿ ನೋಡಿ. ಸಾಲಾಗಿ ಎಂಟು ಒಂದುಗಳು ಬರುತ್ತವೆ: 11111111. ಇದು 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಲೆಕ್ಕ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಅವರು ಕೊರಳಹಾರಕ್ಕೆ ಹೋಲಿಸಿದರು. 139 × 109 = 15151, 12345679 × 9 = 111111111 ಕೂಡ ಅಲ್ಲಿವೆ.

ಗುಟ್ಟೇನು?

11111111 ಅಂದರೆ 1111 × 10001. ಈ 10001 ಒಡೆದರೆ 73 × 137. ಈಗ 1111ನ್ನು 137ರಿಂದ ಗುಣಿಸಿದರೆ 152207. ಉಳಿದದ್ದು 73. ಅಷ್ಟೇ, ಪವಾಡ ಏನೂ ಇಲ್ಲ. ‘ನಮ್ಮ ಪೂರ್ವಜರಿಗೆ ಎಲ್ಲವೂ ಗೊತ್ತಿತ್ತು’ ಎಂಬ ವಾಟ್ಸಾಪ್ ಫಾರ್ವರ್ಡ್‌ಗೂ ಗಣಿತಕ್ಕೂ ನಾನು ಕಾಣುವ ವ್ಯತ್ಯಾಸ ಇದೇ: ಗಣಿತವನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಬರೆಯುವುದು ಹೇಗೆ?

ಮೊದಲು ಯೂನಿಕೋಡ್. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಅಕ್ಷರರಾಶಿ, ಸರ್ಚ್‌ಗೂ ಸಿಗಲ್ಲ. ಎರಡನೆಯದು ಲೇಟೆಕ್. ಘಾತಾಂಕವನ್ನು ಬರೀ ಫಾರ್ಮ್ಯಾಟ್ ಮಾಡಿ ಮೇಲಕ್ಕೆತ್ತಿದರೆ, ಕಾಪಿ ಮಾಡುವಾಗ ಹತ್ತರ ಘನ 103 ಆಗಿಬಿಡಬಹುದು! $$10^3$$ ಎಂದು ಬರೆದರೆ ಮ್ಯಾಥ್‌ಜ್ಯಾಕ್ಸ್ ಅಳವಡಿಸಿದ ಪುಟದಲ್ಲಿ ಸರಿಯಾಗಿ ಮೂಡುತ್ತದೆ. ಎರಡೂ ಉಚಿತ.

ಯಾಕೆ ಮುಖ್ಯ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸರ್ಕಾರಿ ಶಾಲೆಗಳಲ್ಲಿ ‘ವರ್ಗಮೂಲ’, ‘ಛೇದ’ ಎಂದು ಕಲಿತ ಮಕ್ಕಳು ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನವೇ ಅದೇ ಗಣಿತವನ್ನು ಇಂಗ್ಲಿಷಿನಲ್ಲಿ ಎದುರಿಸಬೇಕು. ಲೆಕ್ಕ ಬರದೆ ಅಲ್ಲ, ಪದ ಗೊತ್ತಿಲ್ಲದೆ ಎಷ್ಟೋ ಮಂದಿ ಹಿಂದೆ ಬೀಳುತ್ತಾರೆ. ಟ್ಯೂಷನ್‌ಗೆ ದುಡ್ಡಿದ್ದವರು ಈ ಹಳ್ಳ ದಾಟುತ್ತಾರೆ, ಇಲ್ಲದವರು ಕಲಾ ವಿಭಾಗದ ಅರ್ಜಿ ಹುಡುಕುತ್ತಾರೆ. ಇದನ್ನು ನಾನು ಭಾಷಾಭಿಮಾನದ ಪ್ರಶ್ನೆ ಅನ್ನಲ್ಲ, ಸಾಮಾಜಿಕ ನ್ಯಾಯದ ಪ್ರಶ್ನೆ ಅಂತೀನಿ.

ದಾರಿ ಹೊಸದೇನಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದ. ಮೈಸೂರು ವಿಶ್ವವಿದ್ಯಾಲಯದ ಪದ್ಮಾವತಮ್ಮ ಅವರು ‘ಗಣಿತಸಾರಸಂಗ್ರಹ’ವನ್ನು ಕನ್ನಡಕ್ಕೆ ತಂದರು, ಅದು 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು. ಪಿಯುಸಿ ಗಣಿತದ ಪ್ರತಿ ಪದಕ್ಕೂ ಕನ್ನಡ, ಇಂಗ್ಲಿಷ್ ಎರಡೂ ಇರುವ, ಹುಡುಕಿದರೆ ಸಿಗುವ ಪುಟಗಳು ಬೇಕು. ಅದನ್ನು ಇಲಾಖೆಯಿಂದ ಕೇಳೋಣ. ಅಲ್ಲಿಯವರೆಗೆ ಗಣಿತ ಓದಿದ ನಾವೇ ವಾರಕ್ಕೊಂದು ಪುಟ ಬರೆಯಬಹುದು.