ಸಂತುಷ್ಟಿಗೆ ಎರಡು ಪರೀಕ್ಷೆ: ಮೈಸೂರಿನ ಕ್ರೈಸ್ತ ಚರಿತ್ರೆಯ ಒಂದು ಓದು

ಕೊರತೆಯಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರಲು ಕಲಿತಿದ್ದೇನೆ ಎಂಬ ಆಶಯವನ್ನು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಸೆರೆಯಿಂದಲೇ ತಿಳಿಸುತ್ತಾನೆ. ನಮ್ಮ ಸಭಾಚರಿತ್ರೆಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಕೊರತೆಯ ಮಾತನ್ನು. ಸಮೃದ್ಧಿಯ ಪರೀಕ್ಷೆಯೇ ಹೆಚ್ಚು ಕಠಿಣ ಎಂಬುದು ನನ್ನ ವಾದ. ಅದಕ್ಕೆ ಮೈಸೂರೇ ಆಧಾರ.

ಸಂಕಟದ ಕಾಲ ಎಲ್ಲರಿಗೂ ತಿಳಿದದ್ದು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕಥೋಲಿಕರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಬದುಕುಳಿದವರಿಗೆ ಬಿಡುಗಡೆ ದೊರೆತದ್ದು 1799ರಲ್ಲಿ ಕೋಟೆ ಬಿದ್ದ ಮೇಲೆ. ಅವರ ಸಹನೆಯನ್ನು ಸಂತುಷ್ಟಿ ಎಂದು ಕರೆಯುವುದು ಅವರಿಗೆ ಮಾಡುವ ಅನ್ಯಾಯ. ಬೇರೆ ದಾರಿಯೇ ಇಲ್ಲದವರು ತಾಳಿಕೊಂಡರು. ಅದನ್ನು ಗುಣವೆಂದು ಹೊಗಳಿ ಕಷ್ಟವನ್ನೇ ಸಮರ್ಥಿಸಲಾಗದು.

ಆಮೇಲೆ ಚದುರಿದ್ದ ಸಭೆಯನ್ನು ಕೂಡಿಸಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರದು ಇನ್ನೊಂದು ಬಗೆ. ಮೈಸೂರು ಸೀಮೆಯಲ್ಲಿ ಸಿಡುಬು ತಡೆಯಲು ದೇವಿ ಹಾಕಿಸುವ ಕೆಲಸಕ್ಕೂ ಅವರು ದುಡಿದರು. ಭಾರತದಲ್ಲಿ ಮತಪ್ರಚಾರ ಫಲಿಸದು ಎಂದು ನೇರವಾಗಿ ಬರೆದು, 1823ರಲ್ಲಿ ಸ್ವದೇಶಕ್ಕೆ ಮರಳಿದರು. ಫಲದ ಬಗ್ಗೆ ಇಷ್ಟು ನಿರಾಶರಾಗಿದ್ದವರು ಎರಡು ದಶಕಕ್ಕೂ ಹೆಚ್ಚು ಕಾಲ ಈ ಜನರ ನಡುವೆ ಉಳಿದರಲ್ಲ! ಸಂತುಷ್ಟಿಯನ್ನು ಯಶಸ್ಸಿಗೆ ಗಂಟುಹಾಕುವವರು ಇದಕ್ಕೆ ಉತ್ತರ ಹೇಳಬೇಕು.

ಸಮೃದ್ಧಿಯ ಸಾಕ್ಷಿ ಅಶೋಕ ರಸ್ತೆಯಲ್ಲಿದೆ. 1843ರ ಚಿಕ್ಕ ಚರ್ಚ್ ಇದ್ದ ನೆಲೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಸಂತ ಫಿಲೋಮಿನಾ ದೇವಾಲಯಕ್ಕೆ ಅಡಿಗಲ್ಲಿಟ್ಟರು. ಸಂತಳ ಪವಿತ್ರ ಅವಶೇಷವನ್ನು 1926ರಲ್ಲಿ ತರಿಸಿದವರು ಅರಮನೆಯ ಹುಜೂರ್ ಕಾರ್ಯದರ್ಶಿ ತಂಬು ಚೆಟ್ಟಿಯವರು. ಒಂದೂವರೆ ಶತಮಾನದ ಹಿಂದೆ ಇದೇ ಸೀಮೆಯಲ್ಲಿ ಸೆರೆಗೆ ಕಾರಣವಾಗಿದ್ದ ನಂಬಿಕೆಗೆ ರಾಜಾಶ್ರಯ ಸಿಕ್ಕಿತ್ತು. ದೊರೆಯ ಕೃಪೆಯಲ್ಲಿರುವ ಸಭೆಗೆ ತನ್ನ ಬಲ ಎಲ್ಲಿಂದ ಬಂತೆಂಬುದು ಬಹುಬೇಗ ಮರೆತುಹೋಗಬಹುದು.

ಪೌಲನ ಮಾತಿನ ಸಂದರ್ಭ ಇಲ್ಲಿ ನೆರವಾಗುತ್ತದೆ. ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ ಕೊಡುಗೆಯನ್ನು ಸ್ವೀಕರಿಸುತ್ತಲೇ ಅವನು ತೃಪ್ತಿಯ ವಿಷಯ ಎತ್ತುತ್ತಾನೆ, ತನ್ನ ಸಂಕಟದಲ್ಲಿ ಪಾಲುಗೊಂಡದ್ದು ಒಳ್ಳೆಯದಾಯಿತು ಎನ್ನುತ್ತಾನೆ. ಹಂಚಿಕೆಯಿಂದ ಬೇರ್ಪಟ್ಟ ತೃಪ್ತಿ ಅವನಲ್ಲಿಲ್ಲ. ಈ ಅಳತೆಯಲ್ಲಿ, ವೆಸ್ಲಿಯನ್ ಮಿಷನ್ 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ಮೈಸೂರಿನಲ್ಲಿ ತೆರೆದ ಮೇರಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಫಿಲೋಮಿನಾ ದೇವಾಲಯದ ಗೋಪುರಗಳಿಗಿಂತ ಬಲವಾದ ಪುರಾವೆ. ಅನುಕೂಲದ ದಶಕಗಳಲ್ಲಿ ಮೈಸೂರಿನ ಸಭೆಗಳು ಯಾರಿಗೆ ಎಷ್ಟು ಕೊಟ್ಟವೆಂಬುದನ್ನು, ಸೆರೆಯ ಕಥೆಗೆ ತೋರಿದಷ್ಟೇ ಶ್ರದ್ಧೆಯಿಂದ, ಸಂಶೋಧಕರು ಹುಡುಕಿ ಬರೆಯಬೇಕು.