ದಾಖಲಾತಿ ಇಳಿಕೆಯನ್ನು ಓದುವ ಬಗೆ: ಬಿಟಿಎಂ ಲೇಔಟಿನ ಪ್ರಾಥಮಿಕ ಶಾಲೆಗಳನ್ನು ಕುರಿತು ಒಂದು ಟಿಪ್ಪಣಿ

ಬಿಟಿಎಂ ಲೇಔಟಿನಂಥ ಬಡಾವಣೆಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಮಕ್ಕಳ ಸಂಖ್ಯೆ ಇಳಿಯಿತೆಂದರೆ, ಪೋಷಕರಿಗೆ ಕನ್ನಡ ಶಾಲೆ ಬೇಡವಾಯಿತು ಎಂಬ ತೀರ್ಮಾನ ಬಹುಬೇಗ ಬಂದುಬಿಡುತ್ತದೆ. ಖಾಸಗಿ ಇಂಗ್ಲಿಷ್ ಶಾಲೆಗಳ ಸೆಳೆತ ನಿಜ. ಆದರೆ ಒಟ್ಟು ದಾಖಲಾತಿ ಮತ್ತು ಶಿಕ್ಷಕ–ವಿದ್ಯಾರ್ಥಿ ಅನುಪಾತ ಎಂಬ ಎರಡೇ ಅಂಕಿಗಳನ್ನು ಹಿಡಿದು ಶಾಲೆಯ ಸ್ಥಿತಿಯನ್ನು ಅಳೆಯಲಾಗದು ಎಂಬುದು ನನ್ನ ವಾದ. ಶಿಕ್ಷಕರ ಹುದ್ದೆ ಉಳಿಯುವುದೂ ಹೋಗುವುದೂ ಇವೇ ಅಂಕಿಗಳಿಂದಾದ್ದರಿಂದ ಇವನ್ನು ಬಿಡಿಸಿ ನೋಡಲೇಬೇಕು.

ಬೈರಸಂದ್ರ, ತಾವರೆಕೆರೆ, ಮಡಿವಾಳಗಳ ನೆಲದ ಮೇಲೆ ಬೆಳೆದ ಬಡಾವಣೆ ಇದು. ಇಲ್ಲಿ ಜನ ಹೆಚ್ಚಿದಂತೆ ಶಾಲೆಗೆ ಹೋಗುವ ಮಕ್ಕಳೂ ಹೆಚ್ಚಬೇಕೆಂದೇನಿಲ್ಲ. ಬೀದಿಬೀದಿಗೂ ಎದ್ದಿರುವ ಪಿ.ಜಿ.ಗಳಲ್ಲಿ ಇರುವವರು ಬಹುಪಾಲು ಮದುವೆಯಾಗದ ಯುವಜನರು. ಸರ್ಕಾರಿ ಶಾಲೆಯ ಬಾಗಿಲಿಗೆ ಬರುವವರು ಬೇರೆ: ಕಟ್ಟಡ ಕೆಲಸಕ್ಕೆಂದು ಕಲ್ಯಾಣ ಕರ್ನಾಟಕದಿಂದ ಬಂದ ಕುಟುಂಬಗಳು, ಮನೆಗೆಲಸದವರು, ಆಟೊ ಓಡಿಸುವವರು. ಬಾಡಿಗೆ ಏರಿದರೆ, ಕಟ್ಟಡದ ಕೆಲಸ ಮುಗಿದರೆ ಇವರು ಬೇರೆ ಕಡೆ ಹೋಗುತ್ತಾರೆ, ಮಕ್ಕಳ ಟಿ.ಸಿ. ಎಷ್ಟೋ ಸಲ ಶಾಲೆಯಲ್ಲೇ ಉಳಿಯುತ್ತದೆ. ಶಾಲೆಗಳ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆಯಾದ ಯು-ಡೈಸ್‌ನ ಎಣಿಕೆಗೆ ಆಧಾರವಾದ ದಿನ ಸೆಪ್ಟೆಂಬರ್ 30. ದಸರಾ ರಜೆಗೆ ಊರಿಗೆ ಹೋಗಿ ಮರಳದ ಮಗು ಆ ವರ್ಷದ ಲೆಕ್ಕದಲ್ಲಿರುತ್ತದೆ. ನವೆಂಬರಿನಲ್ಲಿ ಬಂದು ಸೇರಿದ ಮಗು ಇರುವುದಿಲ್ಲ. ಮೇಲಾಗಿ 2022-23ರಿಂದ ಶಾಲಾವಾರು ಮೊತ್ತದ ಬದಲು ಒಬ್ಬೊಬ್ಬ ವಿದ್ಯಾರ್ಥಿಯ ವಿವರವನ್ನೇ ಸಂಗ್ರಹಿಸಲಾಗುತ್ತಿದೆ. ಹಾಗಾಗಿ ಅದರ ಹಿಂದಿನ, ಮುಂದಿನ ವರ್ಷಗಳನ್ನು ಒಂದೇ ಗೆರೆಯಲ್ಲಿ ಜೋಡಿಸುವುದು ತಪ್ಪು. ಮಕ್ಕಳ ಕಲಿಕೆ ಕುರಿತು ಪತ್ರಿಕೆಗಳು ಪದೇ ಪದೇ ಉಲ್ಲೇಖಿಸುವ ಅಸರ್ ವರದಿಯೂ ಇಲ್ಲಿ ನೆರವಾಗದು. ಅದರ ಸಮೀಕ್ಷೆ ಗ್ರಾಮೀಣ ಪ್ರದೇಶದ್ದು.

ಇದಕ್ಕಿಂತ ಗಂಭೀರವಾದದ್ದು ವಯಸ್ಸಿನ ನಿಯಮ. 2025-26ರಿಂದ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶವಾಯಿತು. 2025ರ ಏಪ್ರಿಲಿನಲ್ಲಿ ಸರ್ಕಾರ ಆ ಒಂದು ವರ್ಷದ ಮಟ್ಟಿಗೆ ಅದನ್ನು 5 ವರ್ಷ 5 ತಿಂಗಳಿಗೆ ಇಳಿಸಿತು. ಅಂದರೆ 2020ರ ಜನವರಿ 1ರವರೆಗೆ ಹುಟ್ಟಿದವರಿಗೆ 2025ರಲ್ಲೇ ಪ್ರವೇಶ ಸಾಧ್ಯವಾಯಿತು. ಮರುವರ್ಷ ಆರು ವರ್ಷದ ನಿಯಮ ಹಾಗೆಯೇ ಜಾರಿಯಾದರೆ ಹೊಸದಾಗಿ ಅರ್ಹರಾಗುವವರು 2020ರ ಜನವರಿ 2ರಿಂದ ಜೂನ್ 1ರೊಳಗೆ ಹುಟ್ಟಿದವರು ಮಾತ್ರ. ಹನ್ನೆರಡು ತಿಂಗಳ ಅವಧಿಯಲ್ಲಿ ಹುಟ್ಟಿದ ಮಕ್ಕಳಿರಬೇಕಾದ ತರಗತಿಗೆ ಐದೇ ತಿಂಗಳ ಅವಧಿಯಲ್ಲಿ ಹುಟ್ಟಿದವರು! ಸಡಿಲಿಕೆಯನ್ನು ಎಲ್ಲರೂ ಬಳಸಿಕೊಂಡಿರಲಾರರು, ನಿಜ. ಆದರೂ ಇಂಥ ತರಗತಿ ಐದು ವರ್ಷ ಸಣ್ಣದಾಗಿಯೇ ಮುಂದೆ ಸಾಗುತ್ತದೆ. ಆ ಕುಸಿತವನ್ನು ಶಾಲೆಯ ಸೋಲೆಂದು ಬರೆದು ಹುದ್ದೆ ಕಿತ್ತುಕೊಂಡರೆ ಅದು ಅನ್ಯಾಯ.

ತರಗತಿ ಗಾತ್ರದ ವಿಷಯಕ್ಕೆ ಬಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಒಂದರಿಂದ ಐದರವರೆಗೆ 60 ಮಕ್ಕಳಿಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. 61 ಮಕ್ಕಳಿದ್ದ ಶಾಲೆಯಿಂದ ಒಂದು ಮಗು ಹೋದರೂ ಒಂದು ಹುದ್ದೆ ಅಪಾಯಕ್ಕೆ ಸಿಲುಕುತ್ತದೆ. 60 ಮಕ್ಕಳು, ಇಬ್ಬರು ಶಿಕ್ಷಕರು ಎಂದರೆ ಕಾಗದದ ಮೇಲೆ 30ಕ್ಕೆ ಒಬ್ಬರು, ಲೋಪವೇ ಇಲ್ಲ. ಕೊಠಡಿಯೊಳಗೆ ಇಣುಕಿದರೆ ಒಬ್ಬರು ನಲಿಕಲಿ ಪದ್ಧತಿಯ ಒಂದರಿಂದ ಮೂರರವರೆಗಿನ ಮೂರೂ ತರಗತಿ ಹಿಡಿದಿರುತ್ತಾರೆ, ಇನ್ನೊಬ್ಬರು ನಾಲ್ಕು, ಐದನ್ನು ಒಟ್ಟಿಗೆ. ಅವರಲ್ಲೊಬ್ಬರು ಸಮೀಕ್ಷೆಗೋ ತರಬೇತಿಗೋ ಹೋದ ದಿನ ಉಳಿದವರ ಪಾಲಿಗೆ ಅರವತ್ತೂ ಮಕ್ಕಳು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿಕಲಿ ಬಹುತರಗತಿ ಬೋಧನೆಯನ್ನೇ ಒಂದು ಕ್ರಮವಾಗಿಸಿದ ಒಳ್ಳೆಯ ಪ್ರಯೋಗ. ಶಿಕ್ಷಕರ ಕೊರತೆಯನ್ನು ಮುಚ್ಚಲು ಅದನ್ನು ಬಳಸಕೂಡದು.

ಸರಾಸರಿಗೆ ಇನ್ನೊಂದು ದೋಷವಿದೆ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಲಾಯಿತು. ಉದಾಹರಣೆಗೆ, ಅಂಥ ಒಂದು ಶಾಲೆಯ ಕನ್ನಡ ವಿಭಾಗದಲ್ಲಿ 10, ಇಂಗ್ಲಿಷ್ ವಿಭಾಗದಲ್ಲಿ 50 ಮಕ್ಕಳಿದ್ದಾರೆಂದುಕೊಳ್ಳೋಣ. ಸರಾಸರಿ 30. ಆದರೆ ಆರರಲ್ಲಿ ಐದು ಪಾಲು ಮಕ್ಕಳು ಕೂರುವುದು 50ರ ಕೊಠಡಿಯಲ್ಲಿ. ಅಮೆರಿಕದ ಟೆನೆಸಿಯಲ್ಲಿ 1985ರಿಂದ 1989ರವರೆಗೆ ನಡೆದ ‘ಸ್ಟಾರ್’ ಪ್ರಯೋಗ 22–25 ಮಕ್ಕಳ ತರಗತಿಗಳನ್ನು 13–17ರ ತರಗತಿಗಳೊಡನೆ ಹೋಲಿಸಿತು. ಸಣ್ಣ ತರಗತಿಯ ಮಕ್ಕಳ ಕಲಿಕೆ ಮೇಲಾಗಿತ್ತು. ನಮ್ಮ 50ರ ಕೊಠಡಿ ಆ ಹೋಲಿಕೆಗೇ ಹೊರಗಿನದು.

ಹೊಸ ಸಮೀಕ್ಷೆಯ ಅಗತ್ಯ ನನಗೆ ಕಾಣುವುದಿಲ್ಲ. ಅಕ್ಷರ ದಾಸೋಹದ ಬಿಸಿಯೂಟಕ್ಕಾಗಿ ಪ್ರತಿ ಶಾಲೆಯೂ ಆಯಾ ದಿನದ ಮಕ್ಕಳ ಸಂಖ್ಯೆಯನ್ನು ಬರೆದಿಡುತ್ತದೆ. ಅದರ ಪಕ್ಕಕ್ಕೆ ಕೊಠಡಿವಾರು ಹಾಜರಿ, ವರ್ಷದ ನಡುವೆ ಬಂದವರ ಮತ್ತು ಹೋದವರ ಪಟ್ಟಿ, ಒಂದನೇ ತರಗತಿಯವರ ಜನ್ಮದಿನಾಂಕ ಇಟ್ಟರೆ ಸಾಕು. ಎಲ್ಲವೂ ಮುಖ್ಯಶಿಕ್ಷಕರ ಬೀರುವಿನಲ್ಲೇ ಇವೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಹೆಚ್ಚುವರಿ ಶಿಕ್ಷಕರ ಪಟ್ಟಿ ಸಿದ್ಧಪಡಿಸುವ ಮೊದಲು ಇವನ್ನು ತರಿಸಿಕೊಂಡು ನೋಡಬೇಕು.