ಕೊನೆಯ ತೀರ್ಪು ಯಾರದು?

ಹಾಸ್ಯಕ್ಕೂ ಭಯಾನಕಕ್ಕೂ ಹೊಂದಿಕೆಯಿಲ್ಲವೆಂಬುದು ನಮ್ಮ ಆಲಂಕಾರಿಕರ ಮತ. 'ಸಾಹಿತ್ಯದರ್ಪಣ'ವನ್ನು ಬರೆದ ವಿಶ್ವನಾಥನು ಭಯಾನಕ ಮತ್ತು ಕರುಣಗಳನ್ನು ಹಾಸ್ಯರಸಕ್ಕೆ ವಿರೋಧಿಗಳೆಂದು ಎಣಿಸಿದ್ದಾನೆ. ಹೆದರಿದವನು ನಗಲಾರ, ನಗುವವನು ಹೆದರಲಾರ ಎಂಬುದು ಇದರ ಇಂಗಿತವಾಗಿರಬೇಕು. ಆದರೆ ಈ ವಿರೋಧಿಗಳನ್ನು ಒಂದೇ ಚಾಪೆಯ ಮೇಲೆ ಕೂರಿಸಿ, ಕೇಡಿಗನನ್ನೇ ಕಥಾನಾಯಕನನ್ನಾಗಿ ಮಾಡಿದ ಕಥನಪ್ರಕಾರವೊಂದು ಅಮೆರಿಕದ ಟೆಲಿವಿಷನ್ನಿನಲ್ಲಿ ಬೆಳೆದು ಬಂದಿದೆ. ಅದರ ಚರಿತ್ರೆಯೆಲ್ಲ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ: ತಪ್ಪು ಮಾಡಿದವನ ಮೇಲೆ ಕೊನೆಯ ತೀರ್ಪನ್ನು ಹೇಳುವವರು ಯಾರು?

ಈ ಪ್ರಕಾರದ ತವರು ಬಾನುಲಿಯೆಂದರೆ ನಮ್ಮ ಕೇಳುಗರಿಗೆ ಸಂತೋಷವಾದೀತು. 1941ರ ಜನವರಿಯಲ್ಲಿ ಅಮೆರಿಕದ ಬಾನುಲಿಯಲ್ಲಿ 'ಇನ್ನರ್ ಸ್ಯಾಂಕ್ಟಮ್ ಮಿಸ್ಟರೀಸ್' ಎಂಬ ನಾಟಕಮಾಲೆ ಮೊದಲಾಯಿತು. ಕಿರ್ರೆಂದು ತೆರೆದುಕೊಳ್ಳುವ ಬಾಗಿಲಿನ ಸದ್ದು. ಅದರ ಬೆನ್ನಿಗೇ ರೇಮಂಡ್ ಎಂಬ ನಿರೂಪಕನ ಸ್ವಾಗತ. ಹೆಣ, ಗೋರಿಗಳ ಮೇಲೆ ಶ್ಲೇಷೆ ಕಟ್ಟಿ ನಗಿಸಿ, ಕೊನೆಗೆ ಸವಿಗನಸು ಬೀಳಲೆಂದು ಹರಸಿ ಅವನು ಬಾಗಿಲು ಮುಚ್ಚುತ್ತಿದ್ದ. ಕೆಲವು ಕಾಲ ಲಿಪ್ಟನ್ ಚಹಾ ಕಂಪನಿಯವರು ಇದರ ಪ್ರಾಯೋಜಕರಾಗಿದ್ದರು. ಆಗ ಒಬ್ಬಾಕೆ ಕೊಲೆಯ ಕಥೆಯ ಹಿಂದುಮುಂದೆ ನಗುನಗುತ್ತ ಚಹದ ಗುಣವನ್ನು ಬಣ್ಣಿಸುವಳು! ಕರಾಳ ಹಾಸ್ಯಕ್ಕೆ ಇದಕ್ಕಿಂತ ಬೇರೆ ಪಾಠ ಬೇಕಿರಲಿಲ್ಲ.

ಈ ನಿರೂಪಕನ ಪದ್ಧತಿಯನ್ನು ಟೆಲಿವಿಷನ್ನಿನಲ್ಲಿ ಮನೆಮಾತಾಗಿಸಿದವನು ಆಲ್ಫ್ರೆಡ್ ಹಿಚ್‌ಕಾಕ್. 1955ರ ಅಕ್ಟೋಬರ್ 2ರಂದು ಅವನ ಹೆಸರಿನ ಕಥಾಮಾಲೆ ಆರಂಭವಾಗಿ, ಮುಂದೆ ಒಂದು ಗಂಟೆಯ ಕಾರ್ಯಕ್ರಮವಾಗಿ ಬೆಳೆದು 1965ರವರೆಗೆ ನಡೆಯಿತು. ಗೂನೋ ಎಂಬ ಫ್ರೆಂಚ್ ಸಂಗೀತಗಾರನು ಸೂತ್ರದ ಗೊಂಬೆಯೊಂದರ ಶವಯಾತ್ರೆಗೆಂದು ರಚಿಸಿದ ವಾದ್ಯಗೀತ ನುಡಿಯುತ್ತಿರಲು ಆ ಸ್ಥೂಲಕಾಯನು ಬಂದು ನಿಲ್ಲುವನು. ಮುಖದಲ್ಲಿ ನಗೆಯ ಸುಳಿವಿಲ್ಲದೆ ಕೊಲೆಯನ್ನು ಕುರಿತು ನಗೆಮಾತಾಡುವನು. ತನಗೆ ಹಣ ಕೊಡುವ ಪ್ರಾಯೋಜಕರನ್ನೂ ಲೇವಡಿ ಮಾಡುವನು. ಈ ಮಾತುಗಳನ್ನು ಬರೆದುಕೊಡುತ್ತಿದ್ದವನು ಜೇಮ್ಸ್ ಅಲರ್ಡೈಸ್.

ಈ ನಗೆಗೆ ಒಂದು ವ್ಯಾವಹಾರಿಕ ಕಾರಣವೂ ಇತ್ತು. 1952ರಲ್ಲಿ ಜಾರಿಗೆ ಬಂದ ಅಮೆರಿಕದ ಪ್ರಸಾರಕರ ಸಂಘದ ನೀತಿಸಂಹಿತೆಯ ಪ್ರಕಾರ ಅಪರಾಧವನ್ನು ಮೆಚ್ಚುವಂತೆಯಾಗಲಿ ಅಪರಾಧಿಯ ಮೇಲೆ ಮರುಕ ಹುಟ್ಟುವಂತೆಯಾಗಲಿ ತೋರಿಸಕೂಡದು. ಹಿಚ್‌ಕಾಕನ ಕಥೆಗಳಲ್ಲಾದರೋ ಅಪರಾಧಿಯು ಎಷ್ಟೋ ಸಲ ಪಾರಾಗಿಬಿಡುತ್ತಿದ್ದ. 1958ರ ಏಪ್ರಿಲ್ 13ರಂದು ಪ್ರಸಾರವಾದ, ರೋಲ್ಡ್ ಡಾಲನ ಕಥೆಯೊಂದರ ನಾಟಕರೂಪವನ್ನೇ ನೋಡಿ. ಗರ್ಭಿಣಿಯಾದ ಮೇರಿಯನ್ನು ಪೋಲೀಸ್ ಅಧಿಕಾರಿಯಾದ ಗಂಡ ಬಿಟ್ಟುಹೋಗುವೆನೆನ್ನುತ್ತಾನೆ. ಅವಳು ಕಲ್ಲಿನಂತೆ ಹೆಪ್ಪುಗಟ್ಟಿದ್ದ ಕುರಿಮರಿಯ ತೊಡೆಯಿಂದ ಅವನ ತಲೆಗೆ ಹೊಡೆದು ಕೊಲ್ಲುತ್ತಾಳೆ. ಅನಂತರ ಅದನ್ನೇ ಬೇಯಿಸಿ, ತನಿಖೆಗೆ ಬಂದ ಪೋಲೀಸರಿಗೆ ಬಡಿಸುತ್ತಾಳೆ. ಆಯುಧ ನಮ್ಮ ಮೂಗಿನ ಕೆಳಗೇ ಇರಬಹುದೆಂದು ಅವರು ಚಪ್ಪರಿಸುತ್ತ ಮಾತಾಡಿಕೊಂಡಾಗ ಮೇರಿಗೆ ನಗೆ ಬರುತ್ತದೆ, ನೋಡುವವರಿಗೂ ಬರುತ್ತದೆ. ಆಗ ಹಿಚ್‌ಕಾಕ್ ಬಂದು, ಅವಳು ಎರಡನೆಯ ಗಂಡನನ್ನೂ ಹೀಗೆಯೇ ಕೊಲ್ಲಹೋಗಿ ಸಿಕ್ಕಿಬಿದ್ದಳೆಂದೂ, ಆ ಮರೆಗುಳಿ ಶೀತಲಪೆಟ್ಟಿಗೆಗೆ ವಿದ್ಯುತ್ತನ್ನು ಕೊಡದೆ ಮಾಂಸವೆಲ್ಲ ಮೆತ್ತಗಾಗಿತ್ತೆಂದೂ ಹೇಳಿ ಮುಗಿಸುತ್ತಾನೆ. ನಿಯಮಕ್ಕೆ ಸಲ್ಲಬೇಕಾದ ಕಪ್ಪಕಾಣಿಕೆ ಹೀಗೆ ಸಂದಿತು. ಕೊಟ್ಟವನಿಗೂ ಅದರಲ್ಲಿ ನಂಬಿಕೆಯಿರಲಿಲ್ಲ, ಕಂಡವರಿಗೂ ಇರಲಿಲ್ಲ. ಅಂತೂ ತೀರ್ಪೊಂದು ಹೊರಬೀಳುತ್ತಿತ್ತು.

1968ರಲ್ಲಿ ಮೊದಲು ಕಾಣಿಸಿಕೊಂಡು 1971ರಿಂದ ಮಾಲೆಯಾಗಿ ಬಂದ 'ಕೊಲಂಬೊ'ದಲ್ಲಿ ನಿರೂಪಕನಿಲ್ಲ. ಕೊಲೆಗಾರನಾರೆಂಬುದು ಸಾಮಾನ್ಯವಾಗಿ ಮೊದಲೇ ತಿಳಿದಿರುತ್ತದೆ. ಪೀಟರ್ ಫಾಕ್ ಅಭಿನಯಿಸಿದ ಪತ್ತೇದಾರನಾದರೋ ಸುಕ್ಕುಗಟ್ಟಿದ ಮಳೆಯಂಗಿ ತೊಟ್ಟು, ಹೆಂಡತಿಯ ಸುದ್ದಿ ಹೇಳುತ್ತ, ದಡ್ಡನಂತೆ ಅಲೆಯುವವನು. ನಾಯಕನ ವೇಷ ಕೆಟ್ಟಿತೇ ಹೊರತು ಗುಣ ಕೆಡಲಿಲ್ಲ. ತೀರ್ಪು ಇನ್ನೂ ಕಥೆಯೊಳಗೇ ಇತ್ತು.

1983ರಲ್ಲಿ ಆ ನೀತಿಸಂಹಿತೆ ರದ್ದಾಯಿತು. ಅದಕ್ಕೂ ಮೊದಲೇ, 1972ರಲ್ಲಿ, ಪ್ರೇಕ್ಷಕರ ಚಂದಾಹಣದಿಂದಲೇ ನಡೆಯುವ ಎಚ್‌ಬಿಒ ಹುಟ್ಟಿತ್ತು. ಅದಕ್ಕೆ ಪ್ರಾಯೋಜಕರ ಅಂಜಿಕೆಯಿಲ್ಲ. ಅದರಲ್ಲಿ 1999ರ ಜನವರಿ 10ರಂದು ಡೇವಿಡ್ ಚೇಸನ 'ದಿ ಸೊಪ್ರಾನೋಸ್' ಆರಂಭವಾಯಿತು. ನಾಯಕ ಟೋನಿ ಭೂಗತ ಪಾತಕಿ. ಮನೆಯ ಕೊಳಕ್ಕೆ ಬಂದಿದ್ದ ಬಾತುಕೋಳಿಗಳು ಹಾರಿಹೋದುವೆಂದು ಮೂರ್ಛೆಬಿದ್ದು ಮನೋವೈದ್ಯೆಯ ಬಳಿ ಹೋಗುವವನು. ಐದನೆಯ ಕಂತಿನಲ್ಲಿ ಅವನು ಮಗಳಿಗೆ ಕಾಲೇಜುಗಳನ್ನು ತೋರಿಸಲು ಹೋಗಿ, ಹಳೆಯ ದ್ರೋಹಿಯೊಬ್ಬನನ್ನು ಕಂಡು, ಸ್ವಹಸ್ತದಿಂದ ಕುತ್ತಿಗೆ ಬಿಗಿದು ಕೊಲ್ಲುತ್ತಾನೆ. ಇದರಿಂದ ಪ್ರೇಕ್ಷಕರು ನಾಯಕನಿಗೆ ವಿಮುಖರಾದಾರೆಂದು ಸಂಸ್ಥೆಯ ಮುಖ್ಯಸ್ಥರು ಅಂಜಿದರು. ಕೊಲ್ಲದಿದ್ದರೆ ಅವನನ್ನು ಯಾರೂ ನಂಬಲಾರರೆಂದು ಚೇಸ್ ಪಟ್ಟುಹಿಡಿದನು. ಪ್ರೇಕ್ಷಕರು ವಿಮುಖರಾಗಲಿಲ್ಲ. ಕೊನೆಯಲ್ಲಿ ಬಂದು ಸಮಾಧಾನ ಹೇಳಲು ಹಿಚ್‌ಕಾಕನೂ ಇರಲಿಲ್ಲ.

ಹೀಗೆ ತೆರವಾದ ಪೀಠದಲ್ಲಿ ಪ್ರೇಕ್ಷಕನು ಕುಳಿತ. ಅವನು ಕೊಟ್ಟ ತೀರ್ಪು ಎಂಥದು? 2008ರಿಂದ 2013ರವರೆಗೆ 62 ಕಂತುಗಳಲ್ಲಿ ಬಂದ ವಿನ್ಸ್ ಗಿಲಿಗನ್ನನ 'ಬ್ರೇಕಿಂಗ್ ಬ್ಯಾಡ್' ಇದಕ್ಕೆ ಉತ್ತರ ಕೊಡುತ್ತದೆ. ವಾಲ್ಟರ್ ವೈಟ್ ಐವತ್ತು ವರ್ಷದ ರಸಾಯನಶಾಸ್ತ್ರದ ಮೇಷ್ಟರು. ಶ್ವಾಸಕೋಶಕ್ಕೆ ಕ್ಯಾನ್ಸರ್ ತಗಲಿದಾಗ ಸಂಸಾರಕ್ಕೆ ಹಣ ಕೂಡಿಡಲು ಮಾದಕದ್ರವ್ಯ ತಯಾರಿಸತೊಡಗುತ್ತಾನೆ. ಮೊದಮೊದಲು ನಗೆಗೆ ಕೊರತೆಯಿಲ್ಲ. ಪ್ಲಾಸ್ಟಿಕ್ ತೊಟ್ಟಿ ತಾರೆಂದರೆ ಶಿಷ್ಯನು ಹೆಣವನ್ನು ಸ್ನಾನದ ತೊಟ್ಟಿಯಲ್ಲಿಟ್ಟು ಆಮ್ಲ ಸುರಿಯುತ್ತಾನೆ. ತೊಟ್ಟಿಯೂ ನೆಲವೂ ಕರಗಿ ಎಲ್ಲವೂ ಕೆಳಗಿನ ಅಂತಸ್ತಿಗೆ ಬೀಳುತ್ತದೆ. ಸೆರೆಸಿಕ್ಕ ವೈರಿಯನ್ನು ಕೊಲ್ಲಬೇಕೇ ಬೇಡವೇ ಎಂದು ಮೇಷ್ಟರು ಕಾಗದದಲ್ಲಿ ಪಟ್ಟಿ ಬರೆಯುತ್ತಾರೆ. ಬೇಡವೆಂಬ ಕಡೆ ಹಲವು ಕಾರಣ, ಬೇಕೆಂಬ ಕಡೆ ಒಂದೇ ಒಂದು. ಆ ಒಂದೇ ಗೆಲ್ಲುತ್ತದೆ. ಕ್ಷಮಿಸೆಂದು ಗೋಗರೆಯುತ್ತಲೇ ಅವರು ಕೊಲ್ಲುವಾಗ ನಗೆ ನಮ್ಮ ಗಂಟಲಲ್ಲೇ ನಿಲ್ಲುತ್ತದೆ.

ಆ ಕೇಡನ್ನು ಕಂಡು ಬೇಡವೆಂದವಳು ಅವನ ಹೆಂಡತಿ ಸ್ಕೈಲರ್. ಅನೇಕ ಪ್ರೇಕ್ಷಕರು ಗಂಡನನ್ನು ಮೆಚ್ಚಿ ಅವಳನ್ನು ದ್ವೇಷಿಸಿದರು. ಆ ಪಾತ್ರ ವಹಿಸಿದ ಆನ್ನಾ ಗನ್ 2013ರ ಆಗಸ್ಟಿನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಇದನ್ನು ಕುರಿತು ಬರೆದರು. ಪಾತ್ರದ ಮೇಲಿನ ದ್ವೇಷ ತಮ್ಮ ಮೇಲೆಯೇ ತಿರುಗಿ, ತಮ್ಮನ್ನು ಕೊಲ್ಲುವ ಮಾತೂ ಬಂತೆಂದು ತಿಳಿಸಿದರು. ಮುಂದಿನ ತಿಂಗಳು ಪ್ರಸಾರವಾದ ಕೊನೆಯ ಕಂತಿನಲ್ಲಿ ವಾಲ್ಟರನು ತಾನು ಮಾಡಿದ್ದೆಲ್ಲ ಸಂಸಾರಕ್ಕಾಗಿ ಅಲ್ಲ, ತನಗಾಗಿಯೇ ಎಂದು ಆಕೆಯೆದುರು ಒಪ್ಪಿಕೊಳ್ಳುತ್ತಾನೆ. ತಪ್ಪಿತಸ್ಥನೇ ಒಪ್ಪಿಕೊಂಡುದನ್ನು ಅವನ ಅಭಿಮಾನಿಗಳು ಅಷ್ಟು ದಿನ ಒಪ್ಪಿರಲಿಲ್ಲ.

ಹಾಗೆಂದು ಹಳೆಯ ನೀತಿಸಂಹಿತೆ ಮರಳಿ ಬರಲೆನ್ನುವಂತಿಲ್ಲ. ಅದರ ಪೊಳ್ಳುತನವನ್ನು ಹಿಚ್‌ಕಾಕನೇ ವಾರವಾರವೂ ಬಯಲಿಗೆಳೆದಿದ್ದ. ದೋಷವುಳ್ಳ ನಾಯಕನ ಜೊತೆಯಲ್ಲಿ ನಡೆದು ನಮ್ಮ ದೋಷವನ್ನು ನಾವು ಗುರುತಿಸಿಕೊಳ್ಳುವುದು ದೊಡ್ಡ ಲಾಭವೇ. ಆದರೆ ನಿರೂಪಕನು ಎದ್ದುಹೋದ ಮೇಲೆ ಅವನ ಕೆಲಸ ನಮ್ಮ ಪಾಲಿಗೆ ಬಂದಿದೆ. ಕೊಲೆಗಾರನ ಚಾತುರ್ಯಕ್ಕೆ ನಕ್ಕವರು ಅದೇ ಮನೆಯ ಮೂಲೆಯಲ್ಲಿ ಅಂಜಿ ನಿಂತವಳ ಕಡೆಗೂ ಒಮ್ಮೆ ತಿರುಗಿ ನೋಡಬೇಕು. ಅಷ್ಟು ಮಾಡಿದರೆ ವಿಶ್ವನಾಥನು ವಿರೋಧಿಗಳೆಂದ ಹಾಸ್ಯವೂ ಕರುಣವೂ ಒಂದೇ ಎದೆಯಲ್ಲಿ ಕೂಡಿ ಬಾಳಿಯಾವು.